ಕಡಿಯದ ಟೊಂಗೆಯ ಕೂಲಿ

ಕಾಯಕತತ್ತ್ವವನ್ನು ಕುರಿತು ನಾವು ಕೇಳಿದ ಉಪನ್ಯಾಸಗಳಿಗೆ ಲೆಕ್ಕವಿಲ್ಲ. ಒಕ್ಕಲುತನವೂ ನೇಯ್ಗೆಯೂ ವ್ಯಾಪಾರವೂ ಸರಕಾರದ ನೌಕರಿಯೂ ಸತ್ಯಶುದ್ಧವಾಗಿ ಮಾಡಿದಲ್ಲಿ ಕಾಯಕವೇ ಆಗುವುವೆಂಬುದು ನಮ್ಮಲ್ಲಿ ವಿವಾದದ ಮಾತಲ್ಲ. ಆದರೆ ಇವುಗಳಲ್ಲೆಲ್ಲ ಮಾಡಿದ ಕೆಲಸಕ್ಕೆ ಕೂಲಿಯುಂಟು. ಕೆಲಸವನ್ನು ಮಾಡದೆ ಬಿಡುವುದೇ ಧರ್ಮವಾಗುವ ಪ್ರಸಂಗಗಳೂ ಉಂಟಷ್ಟೆ. ಅಂಥಲ್ಲಿ ಕಾಯಕಜೀವಿಯು ಏನನ್ನು ಉಣ್ಣಬೇಕು?

ಈ ಪ್ರಶ್ನೆಯನ್ನು ನನ್ನ ಮುಂದೆ ತಂದವನು ಆಳಂದದಲ್ಲಿರುವ ನನ್ನ ಸೋದರಳಿಯ. ಅವನಿಗೆ ಮರಗಳ ಆರೈಕೆಯ ವ್ಯವಹಾರವನ್ನು ಕೈಗೊಳ್ಳುವ ಮನಸ್ಸಾಗಿದೆ. ಸ್ವಂತ ಹೆಸರಿನಿಂದಲ್ಲ, ದೂರದ ನಗರದ ಒಂದು ಸಂಸ್ಥೆಯ ಹೆಸರನ್ನೂ ಪದ್ಧತಿಯನ್ನೂ ಹಣ ತೆತ್ತು ಪಡೆದು, ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕುಗಳಿಗೆ ಅದರ ಫ್ರಾಂಚೈಸಿಯಾಗಿ ನಡೆಸಬೇಕೆಂದು ಯೋಚಿಸಿದ್ದಾನೆ. “ಮಾಮಾ, ಇದು ಕಾಯಕ ಆಗ್ತದೋ, ಬರೇ ದಂಧಾ ಆಗ್ತದೋ, ಹೇಳ್ರಿ” ಎಂದು ಕೇಳಿದನು. ಒಡನೆ ಉತ್ತರ ಹೇಳಲು ನನ್ನಿಂದಾಗಲಿಲ್ಲ.

ಫ್ರಾಂಚೈಸಿಯೆಂಬ ಮಾತು ನಮ್ಮ ಹಳ್ಳಿಗಳಿಗೆ ಈಗ ಹೊಸದಲ್ಲ. ಪ್ರಮಾಣಪತ್ರಗಳಿಗಾಗಿ ನಾವು ಹೋಗುವ ಗ್ರಾಮ ಒನ್ ಕೇಂದ್ರಗಳನ್ನು ನಡೆಸುವವರು ಸರಕಾರದ ನೌಕರರಲ್ಲ, ಫ್ರಾಂಚೈಸಿಗಳೇ. ಹೆಸರೂ ಪದ್ಧತಿಯೂ ಸರಕಾರದ್ದು; ದುಡಿಮೆ ಅವರದು; ಸಂದ ಶುಲ್ಕದಲ್ಲಿ ಒಂದು ಪಾಲು ಅವರಿಗೆ. ಖಾಸಗಿ ಸಂಸ್ಥೆಯ ಫ್ರಾಂಚೈಸಿಯಲ್ಲಿ ಸಾಮಾನ್ಯವಾಗಿ ಮೊದಲಿಗೇ ಒಂದು ದೊಡ್ಡ ಮೊತ್ತವನ್ನು ಕೊಡಬೇಕು; ಬಳಿಕ ತಿಂಗಳು ತಿಂಗಳೂ ವಸೂಲಾದ ಹಣದಲ್ಲಿ ನೂರಕ್ಕೆ ಇಷ್ಟೆಂದು ಹೆಸರಿನ ಒಡೆಯನಿಗೆ ಸಲ್ಲಿಸಬೇಕು. ನಮ್ಮ ದೇಶದಲ್ಲಿ ಇದಕ್ಕೆಂದೇ ಪ್ರತ್ಯೇಕ ಕಾಯಿದೆಯಿಲ್ಲ. 1872ರ ಭಾರತೀಯ ಕರಾರು ಕಾಯಿದೆಯ ಅಡಿಯಲ್ಲಿ ಉಭಯರು ಬರೆದುಕೊಂಡುದೇ ಮುಖ್ಯ ಪ್ರಮಾಣ. ಆದುದರಿಂದ ಧರ್ಮಾಧರ್ಮಗಳ ವಿಚಾರವೆಲ್ಲ ಆ ಕಾಗದದೊಳಗೆ ಏನನ್ನು ಬರೆದಿದೆಯೆಂಬುದರಲ್ಲಿಯೇ ಬಹುಮಟ್ಟಿಗೆ ಅಡಗಿದೆ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳದೆ ಮುಂದೆ ಹೋಗಲಾರೆನು. ಜೇವರ್ಗಿಯಲ್ಲಿರುವ ನಮ್ಮ ಮನೆಯ ಮುಂದೆ ನನ್ನ ತಂದೆಯವರು ಹಚ್ಚಿದ ಬೇವಿನ ಗಿಡವಿತ್ತು. ಅದರ ಎಲೆ ಉದುರಿ ಮಾಳಿಗೆಯ ನೀರಿನ ದಾರಿ ಕಟ್ಟುವುದೆಂದೂ ಗಾಳಿಗೆ ಟೊಂಗೆಗಳು ದನದ ಕೊಟ್ಟಿಗೆಯ ಪತ್ರಾಸಿಗೆ ತಾಗಿ ಸಪ್ಪಳಮಾಡುವುವೆಂದೂ ಬೇಸತ್ತು, ಹನ್ನೆರಡು ವರ್ಷಗಳ ಹಿಂದೆ ಅದರ ತಲೆಯನ್ನು ಅರ್ಧಕ್ಕೆ ಕಡಿಸಲು ನಿಶ್ಚಯಿಸಿದೆನು. ಭೀಮೆಯ ಆಚೆ, ಅಫಜಲಪುರ ತಾಲ್ಲೂಕಿನ ಒಂದು ಹಳ್ಳಿಯಿಂದ ಗಿಡ ಹತ್ತುವ ಮುದುಕರೊಬ್ಬರನ್ನು ಕರೆಸಿದೆನು. ಅವರು ಗಿಡವನ್ನು ಎರಡು ಸುತ್ತು ಸುತ್ತಿದರು. ಕೊಡಲಿಯ ಹಿಂಬದಿಯಿಂದ ಬೊಡ್ಡೆಯನ್ನು ಬಡಿದು ಕಿವಿಗೊಟ್ಟು ಕೇಳಿದರು. ಆಮೇಲೆ, “ಸಾವುಕಾರ್ರ, ಇದರ ತಲಿ ಕಡಿಬ್ಯಾಡ್ರಿ. ಒಣಗಿದ್ದು ಎರಡು ಟೊಂಗಿ ತಗೀತೀನಿ, ಪತ್ರಾಸಿಗೆ ಹತ್ತೋದೊಂದು ತಗೀತೀನಿ. ಸಾಕು” ಎಂದರು. ನಾನು ಹಟ ಹಿಡಿದೆನು. “ಹಂಗಾರ ನನ್ನ ಕೈಲಿ ಆಗಂಗಿಲ್ಲರಿ” ಎಂದು ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟರು. ಬಸ್ಸಿನ ಹಣವನ್ನು ಕೊಡಬೇಕೆಂಬ ಬುದ್ಧಿಯೂ ಆಗ ನನಗೆ ಹುಟ್ಟಲಿಲ್ಲ.

ಮರುವಾರ ಯಂತ್ರದ ಗರಗಸವುಳ್ಳ ಬೇರೊಬ್ಬನು ಬಂದು ಅರ್ಧ ದಿನದಲ್ಲಿ ತಲೆ ತೆಗೆದನು. ಕೂಲಿಯನ್ನೂ ಕಟ್ಟಿಗೆಯನ್ನೂ ಒಯ್ದನು. ಆ ಮಳೆಗಾಲದಲ್ಲಿಯೇ ಕಡಿದ ಬಾಯಿಗಳಿಂದ ಚಿಗುರು ಗೊಂಚಲು ಗೊಂಚಲಾಗಿ ಎದ್ದುದನ್ನು ಕಂಡು, ಮುದುಕರ ಮಾತು ಸುಳ್ಳಾಯಿತೆಂದು ನಾನು ಹಿಗ್ಗಿದೆನು. ನಾಲ್ಕನೆಯ ವರ್ಷ ರೋಹಿಣಿಯ ಗಾಳಿಗೆ ಆ ಚಿಗುರುಗಳಲ್ಲಿ ಬಲಿತ ಒಂದು ಟೊಂಗೆ ಬುಡಸಹಿತ ಸೀಳಿ ಕೊಟ್ಟಿಗೆಯ ಮೇಲೆ ಬಿತ್ತು. ದನಗಳು ಹೊಲಕ್ಕೆ ಹೋಗಿದ್ದುವು, ಉಳಿದುವು. ಸೀಳಿದ ಕಡೆ ನೋಡಿದರೆ ಒಳಗಿನ ಕೆಚ್ಚು ನೆನೆದ ಬೆಂಡಿನಂತೆ ಮೆತ್ತಗಾಗಿತ್ತು.

ಹೀಗೇಕಾಗುವುದೆಂಬುದನ್ನು ಬಳಿಕ ಓದಿ ತಿಳಿದೆನು. ನಮ್ಮ ಮೈಯ ಗಾಯ ಮಾಯುವಂತೆ ಮರದ ಗಾಯ ಮಾಯುವುದಿಲ್ಲ. ಅಮೆರಿಕದ ಅರಣ್ಯವಿಜ್ಞಾನಿ ಅಲೆಕ್ಸ್ ಶಿಗೋ ಅವರು ಸಾವಿರಾರು ಮರಗಳನ್ನು ಸೀಳಿ ಪರೀಕ್ಷಿಸಿ, 1970ರ ದಶಕದಲ್ಲಿ ಈ ವಿಷಯವನ್ನು ಸ್ಪಷ್ಟಪಡಿಸಿದರು. ಮರವು ಕೆಟ್ಟ ಭಾಗವನ್ನು ಸರಿಪಡಿಸದೆ ಅದರ ಸುತ್ತ ಗೋಡೆ ಕಟ್ಟಿ ಹೊರಗಿಟ್ಟು, ಮೇಲೆ ಹೊಸ ಮರವನ್ನು ಬೆಳೆಸಿಕೊಳ್ಳುತ್ತದೆ. ಟೊಂಗೆಯು ಬೊಡ್ಡೆಯನ್ನು ಸೇರುವಲ್ಲಿ ಉಂಗುರದಂತೆ ಉಬ್ಬಿದ ಭಾಗವೊಂದುಂಟು. ಆ ಉಬ್ಬನ್ನು ಉಳಿಸಿ, ಅದಕ್ಕೆ ಹೊರಗಡೆ ಕೊಯ್ದರೆ ಗೋಡೆ ಬೇಗ ಕೂಡಿಕೊಳ್ಳುತ್ತದೆ. ಉಬ್ಬನ್ನೇ ಸವರಿದರೂ, ಮೊಳವುದ್ದ ಮೋಟು ಬಿಟ್ಟರೂ ಕೊಳೆಗೆ ಬಾಗಿಲು ತೆರೆದಂತೆ. ಭಾರವಾದ ಟೊಂಗೆಗೆ ಮೊದಲು ಕೆಳಗಿನಿಂದ ಒಂದು ಕಚ್ಚು ಹಾಕಿ, ಬಳಿಕ ಅದರ ಆಚೆ ಮೇಲಿನಿಂದ ಕೊಯ್ದು ಭಾರವನ್ನಿಳಿಸಿ, ಕಡೆಗೆ ಉಳಿದ ಮೋಟನ್ನು ಉಬ್ಬಿನ ಬಳಿ ತೆಗೆಯಬೇಕು. ಇಲ್ಲದಿದ್ದರೆ ಸಿಪ್ಪೆ ಬೊಡ್ಡೆಯವರೆಗೂ ಹರಿದು ಬರುತ್ತದೆ. ಗಾಯಕ್ಕೆ ಡಾಂಬರು ಬಳಿಯುವುದರಿಂದ ಕೊಳೆ ನಿಲ್ಲುವುದಿಲ್ಲ. ತಲೆ ಕಡಿದಲ್ಲಿ ಏಳುವ ಚಿಗುರು ಒಳಮರದಲ್ಲಿ ಬೇರೂರದೆ ಹೊರಮೈಗೆ ಅಂಟಿಕೊಂಡು ಬೆಳೆಯುವುದರಿಂದ ಭಾರವಾದಾಗ ಸೀಳುತ್ತದೆ. ಮುದುಕರು ಶಿಗೋ ಅವರ ಗ್ರಂಥವನ್ನು ಕಂಡವರಲ್ಲ. ಅವರ ಕೈಗೆ ಇಷ್ಟೂ ತಿಳಿದಿತ್ತು. ವೃಕ್ಷಚಿಕಿತ್ಸೆಯ ಅರಿವು ನಮ್ಮ ನುಡಿಗೂ ಹೊಸದಲ್ಲ. 1025ರ ಸುಮಾರಿನಲ್ಲಿ ಚಾವುಂಡರಾಯನು ಬರೆದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೆಂದೇ ಒಂದು ಭಾಗವಿದೆ.

ಈಗ ವಿಚಾರಕ್ಕೆ ಬರೋಣ. ಗಾಣಗಾಪುರದ ಸಂಗಮದಲ್ಲಿ ಔದುಂಬರ ವೃಕ್ಷಕ್ಕೆ ಪ್ರದಕ್ಷಿಣೆ ಬರುವ ಭಕ್ತರನ್ನು ಕಾಣುತ್ತೇವೆ. ಮರವನ್ನು ಉಳಿಸಲು ಅಂಥ ಪೂಜ್ಯಭಾವನೆಯೊಂದೇ ಸಾಕೆಂದು ಕೆಲವರು ಹೇಳುವರು. ನಮ್ಮ ಮಾರ್ಗದಲ್ಲಿ ಆ ಆಧಾರವಿಲ್ಲ. ಗಿಡಕ್ಕೆ ಕೈಮುಗಿಯುವುದನ್ನು ಶರಣರು ಬೋಧಿಸಲಿಲ್ಲ. ಇಷ್ಟಲಿಂಗವನ್ನು ಧರಿಸಿದವನಿಗೆ ಬೇರೆ ಸ್ಥಾವರದ ಹಂಗಿಲ್ಲ. ಇನ್ನು ಕಡಿಯುವುದೇ ಪಾಪವೆನ್ನೋಣವೇ? ಹಾಗೆನ್ನಲೂ ಬಾರದು. ಕಾಶ್ಮೀರದ ಅರಸುತನವನ್ನು ಬಿಟ್ಟು ಕಲ್ಯಾಣಕ್ಕೆ ಬಂದರೆಂದು ಪರಂಪರೆಯು ಹೇಳುವ ಮೋಳಿಗೆ ಮಾರಯ್ಯನವರು ಕಟ್ಟಿಗೆಯ ಹೊರೆಯನ್ನು ಹೊತ್ತು ಮಾರಿ ದಾಸೋಹ ನಡೆಸಿದವರು. ಪೂಜೆಯೂ ಅಲ್ಲ, ಅಹಿಂಸೆಯೂ ಅಲ್ಲವೆಂದಮೇಲೆ, ನನ್ನ ಅಂಗಳದ ಬೇವಿನ ವಿಷಯದಲ್ಲಿ ಆದ ಅನ್ಯಾಯ ಯಾವುದು? ನನಗೆ ಹೊಳೆಯುವುದಿಷ್ಟು: ಬಲ್ಲವನಿಗೆ ಕೂಲಿ ದೊರೆಯಲಿಲ್ಲ, ಅರಿಯದವನಿಗೆ ದೊರೆಯಿತು. ಹಾಗೆ ಹಂಚಿದವನು ನಾನು. ಸುಳ್ಳು ಕೆಲಸವನ್ನು ಮಾಡಿದವನ ಕಾಯಕ ಎಷ್ಟು ಅಶುದ್ಧವೋ ಅದನ್ನು ಮಾಡಿಸಿಕೊಂಡವನ ಹಣವೂ ಅಷ್ಟೇ ಅಶುದ್ಧ.

ಈ ದೃಷ್ಟಿಯಿಂದ ಅಳಿಯನು ತಂದು ತೋರಿಸಿದ ಕರಾರಿನ ಕರಡನ್ನು ನೋಡಿದೆನು. ಸಂಸ್ಥೆಯ ಪಾಲು ಲಾಭದ ಮೇಲಲ್ಲ, ಒಟ್ಟು ವಸೂಲಿಯ ಮೇಲೆ. ಊಹೆಗಾಗಿ ನೂರಕ್ಕೆ 7 ಎಂದಿಟ್ಟುಕೊಳ್ಳೋಣ. ಲಕ್ಷ ರೂಪಾಯಿಯ ಕೆಲಸವಾದರೆ 7,000 ರೂಪಾಯಿ ಮೊದಲೇ ಹೊರಗೆ ಹೋಯಿತು. ಆಳುಗಳ ಕೂಲಿ, ಎಣ್ಣೆ, ಟ್ರ್ಯಾಕ್ಟರಿನ ಬಾಡಿಗೆ, ಹಗ್ಗ-ಗರಗಸಗಳ ಸವಕಳಿ ಇವೆಲ್ಲ ಆಮೇಲೆ. ನಷ್ಟವಾದ ತಿಂಗಳಲ್ಲಿಯೂ ಆ ಪಾಲು ತಪ್ಪುವುದಿಲ್ಲ. ಇಂಥ ಲೆಕ್ಕದೊಳಗೆ ಸಿಕ್ಕವನು ಗಿಡದ ಮುಂದೆ ನಿಂತಾಗ, “ಇದಕ್ಕೆ ಏನೂ ಬೇಡ” ಎಂಬ ಮಾತು ಅವನ ಬಾಯಿಂದ ಸುಲಭವಾಗಿ ಬಂದೀತೇ? ನಿಂತ ಮರ ಯಾರಿಗೂ ಒಂದು ಕಾಸನ್ನೂ ಕೊಡದು. ಹೆಸರಿನ ಒಡೆಯನು ದೂರದಲ್ಲಿದ್ದಾನೆ, ಅವನು ಗಿಡವನ್ನು ಕಂಡಿಲ್ಲ. ಫ್ರಾಂಚೈಸಿಯು ಕಾಗದವನ್ನು ಕಂಡಿದ್ದಾನೆ. ಟೊಂಗೆಯ ಮೇಲೆ ಕುಳಿತ ಆಳಿಗೆ ಬೇಡವೆನ್ನುವ ಅಧಿಕಾರವಿಲ್ಲ. ತಪ್ಪು ಮೂವರಲ್ಲಿ ಹಂಚಿಹೋಗಿ, ಯಾರ ಪಾಲಿಗೂ ತಪ್ಪೆನಿಸುವಷ್ಟು ಉಳಿಯುವುದಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯು ಮರ ಕಡಿಯುವ ಮೊದಲು ವೃಕ್ಷಾಧಿಕಾರಿಯ ಅನುಮತಿಯನ್ನು ಕೇಳುತ್ತದೆ, ಕೆಲವು ಜಾತಿಗಳಿಗೆ ವಿನಾಯಿತಿಯೂ ಉಂಟು. ಆದರೆ ಅನುಮತಿಯುಳ್ಳ ಕೆಲಸವೆಲ್ಲ ಸತ್ಯಶುದ್ಧವೆಂದು ಯಾರು ಹೇಳಿಯಾರು?

ಬೇರೊಬ್ಬರ ಹೆಸರಿನಲ್ಲಿ ಮಾಡುವ ವ್ಯವಹಾರಕ್ಕೆ ನಮ್ಮ ಪರಂಪರೆಯಲ್ಲಿ ಒಂದು ವಿಚಿತ್ರವಾದ ಕಥೆಯಿದೆ. ನುಲಿಯ ಚಂದಯ್ಯನವರು ಹುಲ್ಲು ಕೊಯ್ಯುತ್ತಿರುವಾಗ ಇಷ್ಟಲಿಂಗವು ಜಾರಿ ಬಿತ್ತು. ಅವರು ತಿರುಗಿ ನೋಡದೆ ಕಾಯಕವನ್ನೇ ಮುಂದುವರಿಸಿದರು. ಕಡೆಗೆ ಮಡಿವಾಳ ಮಾಚಿದೇವರ ಮಧ್ಯಸ್ಥಿಕೆಯಿಂದ ಸಂಧಾನವಾಗಿ, ಲಿಂಗವೂ ಕಾಯಕ ಮಾಡಬೇಕೆಂದು ಗೊತ್ತಾಯಿತು. ಚಂದಯ್ಯನವರ ಹಗ್ಗವನ್ನು ಲಿಂಗದೇವನೇ ಒಯ್ದು ಬಸವಣ್ಣನವರಲ್ಲಿ ಮಾರಿ ಬಹಳ ಹೊನ್ನನ್ನು ತಂದನು. ಚಂದಯ್ಯನವರಿಗೆ ಸಂತೋಷವಾಗಲಿಲ್ಲ. ಹಗ್ಗದ ಬೆಲೆ ಅಷ್ಟಿಲ್ಲವೆಂದು ಆಕ್ಷೇಪಿಸಿದರು. ಮಾರಿದವನು ದೇವನಾದರೂ, ಕೊಂಡವರು ಬಸವಣ್ಣನವರಾದರೂ, ಆ ಹಗ್ಗ ಚಂದಯ್ಯನವರ ಹೆಸರಿನದು. ಅದಕ್ಕೆ ತಕ್ಕ ಬೆಲೆ ಯಾವುದೆಂಬುದಕ್ಕೆ ಅವರೇ ಹೊಣೆ. ಹೆಸರನ್ನು ಬಾಡಿಗೆಗೆ ಕೊಡುವ ಸಂಸ್ಥೆಯು ಹೀಗೆ ಸಿಟ್ಟಾಗಬಲ್ಲುದಾದರೆ, ಹೆಚ್ಚು ಹಣ ಬಂದುದಕ್ಕಾಗಿ ತನ್ನ ಫ್ರಾಂಚೈಸಿಯನ್ನು ಗದರಿಸಬಲ್ಲುದಾದರೆ, ಅದರ ಹೆಸರನ್ನು ಧಾರಾಳವಾಗಿ ಪಡೆಯಬಹುದು. ಅಂಥ ಸಂಸ್ಥೆ ಎಲ್ಲಿದೆಯೆಂದು ಅಳಿಯ ನಕ್ಕನು. ಹುಡುಗರು ನಗಲಿ, ಅಡ್ಡಿಯಿಲ್ಲ.

ಪಶ್ಚಿಮದಲ್ಲಿ ಈ ಉದ್ಯೋಗವು ಹಳೆಯದು. ಇಂಗ್ಲೆಂಡಿನಿಂದ ವಲಸೆಹೋದ ಜಾನ್ ಡೇವಿ ಎಂಬವರು ಅಮೆರಿಕದ ಓಹಾಯೋ ಪ್ರಾಂತದ ಕೆಂಟ್ ಊರಿನಲ್ಲಿ 1880ರಲ್ಲಿ ಇದನ್ನು ಆರಂಭಿಸಿ, 1901ರಲ್ಲಿ ಮರದ ವೈದ್ಯವನ್ನು ಕುರಿತು ಗ್ರಂಥವನ್ನೂ ಪ್ರಕಟಿಸಿದರು. ಅವರ ಸಂಸ್ಥೆಯನ್ನು 1979ರಲ್ಲಿ ಅದರ ಕೆಲಸಗಾರರೇ ಕೊಂಡುಕೊಂಡರು. ಅದೇ ದೇಶದಲ್ಲಿ 2008ರಲ್ಲಿ ಹುಟ್ಟಿದ ಮಾನ್‌ಸ್ಟರ್ ಟ್ರೀ ಸರ್ವಿಸ್ ಎಂಬುದು ಫ್ರಾಂಚೈಸಿಗಳ ಮೂಲಕ ಹಬ್ಬಿದೆ. ಎರಡರಲ್ಲಿ ಒಂದು ಪುಣ್ಯ, ಇನ್ನೊಂದು ಪಾಪವೆಂದು ನಾನು ತೀರ್ಪು ಕೊಡಲಾರೆನು. ಊರೂರಿಗೆ ಒಳ್ಳೆಯ ಪದ್ಧತಿಯನ್ನು ಮುಟ್ಟಿಸುವುದಕ್ಕೆ ಫ್ರಾಂಚೈಸಿಯು ದಾರಿಯಾಗಬಹುದು. ಯಂತ್ರದ ಗರಗಸ ಹಿಡಿದು ನನ್ನ ಬೇವನ್ನು ಕೆಡಿಸಿದವನಿಗೆ ಯಾರಾದರೂ ಒಂದು ವಾರ ಕಲಿಸಿದ್ದರೆ ಅವನು ಹಾಗೆ ಕೆಡಿಸುತ್ತಿರಲಿಲ್ಲ. ಆದರೆ ಗಿಡ ಹತ್ತುವವನೇ ಸಂಸ್ಥೆಯ ಪಾಲುದಾರನಾದಲ್ಲಿ ಬೇಡವೆನ್ನುವ ಬಾಯಿಗೆ ಬಲ ಬರುತ್ತದೆಂಬುದು ನನ್ನ ಭಾವನೆ.

ನಮ್ಮ ಸೀಮೆಯ ಸ್ಥಿತಿಯನ್ನೂ ನೆನೆಯಬೇಕು. ಈ ಮೂರು ತಾಲ್ಲೂಕುಗಳು ತೊಗರಿ, ಜೋಳಗಳ ಕರಿನೆಲ. ಬೇಸಗೆಯಲ್ಲಿ ಎರೆ ಬಿರಿದು ಬೇರು ಹರಿಯುವ ನಾಡು. ಕಲಬುರಗಿ ಜಿಲ್ಲೆಯಲ್ಲಿ ಹೇಳಿಕೊಳ್ಳುವಂಥ ಕಾಡಿರುವುದು ಚಿಂಚೋಳಿಯ ಕಡೆ ಮಾತ್ರ. ಇಲ್ಲಿ ಮರವೆಂದರೆ ಬದುವಿನ ಬೇವು, ಬನ್ನಿ, ಹುಣಿಸೆ ಅಷ್ಟೆ. 2021ರಲ್ಲಿ ನೆರೆಯ ತೆಲಂಗಾಣದಲ್ಲಿ ಬೇವಿನ ಮರಗಳು ತುದಿಯಿಂದ ಒಣಗುತ್ತ ಬಂದುದನ್ನು ಕಂಡು ಜನ ಗಾಬರಿಯಾದರು. ಒಂದು ಜಾತಿಯ ಶಿಲೀಂಧ್ರವೂ ರಸ ಹೀರುವ ಕೀಟವೂ ಅದಕ್ಕೆ ಕಾರಣ. ಅಂಥ ಸಮಯದಲ್ಲಿ, ಸತ್ತಿತೆಂದು ಕಂಡ ಮರ ಮರುಮಳೆಗೆ ಚಿಗುರಬಹುದೆಂದು ಹೇಳಿ ಕೊಡಲಿಯನ್ನು ತಡೆಯಬಲ್ಲ ಒಬ್ಬನು ತಾಲ್ಲೂಕಿಗಿದ್ದರೂ ಎಷ್ಟೋ ಉಪಕಾರ.

ಉಳಿಸಿದುದಕ್ಕೆ ಹಣ ಕೊಡುವ ಪದ್ಧತಿ ನಮ್ಮಲ್ಲಿ ಇಲ್ಲದಿಲ್ಲ. 2011-12ರಿಂದ ನಡೆದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರೈತನು ನೆಟ್ಟ ಸಸಿಗೆ ಹಣವಿಲ್ಲ, ಬದುಕಿದ ಸಸಿಗೆ ಉಂಟು. ಹೆಚ್ಚಿಸಿದ ದರದ ಪ್ರಕಾರ ಮೊದಲನೆಯ ವರ್ಷದ ಕೊನೆಗೆ 35, ಎರಡನೆಯದಕ್ಕೆ 40, ಮೂರನೆಯದಕ್ಕೆ 50, ಒಟ್ಟು 125 ರೂಪಾಯಿ. ಮೊತ್ತ ಸಣ್ಣದಿರಬಹುದು. ಆದರೆ ಆ ಲೆಕ್ಕದಲ್ಲಿ ರೈತನ ಆಶೆಯೂ ಗಿಡದ ಆಯುಷ್ಯವೂ ಒಂದೇ ದಿಕ್ಕಿಗೆ ಎಳೆಯುತ್ತವೆ.

ಅಳಿಯನಿಗೆ ಕಡೆಗೆ ಹೇಳಿದೆನು: ಕರಾರಿನಲ್ಲಿ ಮೂರು ಮಾತುಗಳನ್ನು ಸೇರಿಸಲು ಕೇಳು. ನೋಡಿ ಹೇಳುವುದಕ್ಕೆ ಬೇರೆ ಶುಲ್ಕವಿರಲಿ, ಕಡಿದರೂ ಬಿಟ್ಟರೂ ಅದು ಸಲ್ಲಲಿ. ಆ ಶುಲ್ಕದಲ್ಲಿ ಸಂಸ್ಥೆಗೆ ಪಾಲು ಬೇಡ. ಗಿಡ ಹತ್ತುವವನಿಗೆ ವಿಮೆಯೂ ಸೊಂಟದ ಪಟ್ಟಿಯೂ ನಿನ್ನ ಲಾಭಕ್ಕಿಂತ ಮೊದಲು ಬರಲಿ. ಅವನು ಮೇಲಿನಿಂದ ಬೇಡವೆಂದರೆ, ಒಡೆಯನು ಕೆಳಗಿನಿಂದ ಎಷ್ಟೇ ಕೂಗಿದರೂ ಕೆಲಸ ನಿಲ್ಲಲಿ. ಅವನು ಬರೆದು ಕಳಿಸಿದ್ದಾನೆ. ಸಂಸ್ಥೆಯವರು ಎರಡನೆಯ ಮಾತನ್ನು ಒಪ್ಪಿದ್ದಾರೆ. ಉಳಿದೆರಡಕ್ಕೆ ಇನ್ನೂ ಉತ್ತರ ಬಂದಿಲ್ಲ.

ಹೋದ ತಿಂಗಳು ಅವನನ್ನು ಕರೆದುಕೊಂಡು ಭೀಮೆಯ ಆಚೆಯ ಆ ಹಳ್ಳಿಗೆ ಹೋಗಿದ್ದೆನು. ಮುದುಕರು ಈಗ ಗಿಡ ಹತ್ತುವುದಿಲ್ಲ, ಕಣ್ಣು ಮಂಜಾಗಿದೆ. ಹನ್ನೆರಡು ವರ್ಷದ ಹಿಂದಿನ ಒಂದು ದಿನದ ಕೂಲಿಯನ್ನು ಅವರ ಮುಂದಿಟ್ಟು, “ಕಾಕಾ, ಆವತ್ತು ಕೊಡಬೇಕಾಗಿತ್ತು” ಎಂದೆನು. ಅವರಿಗೆ ನನ್ನ ಗುರುತಾಗಲಿಲ್ಲ, ಬೇವಿನ ಗುರುತಾಯಿತು. ಹಣವನ್ನು ನನ್ನ ಕಡೆಗೇ ಸರಿಸಿ, “ನಾ ಏನೂ ಮಾಡಿಲ್ಲಲ್ರಿ, ಬರೇ ನೋಡಿದೆ. ನೋಡಾಕ ರೊಕ್ಕ ಏನ್ರಿ?” ಎಂದರು. ಆಮೇಲೆ ಅಳಿಯನ ಕಡೆ ತಿರುಗಿ, ಆ ಗಿಡ ಇನ್ನೂ ಇದೆಯೇ, ಯಾವ ಕಡೆ ಸೀಳಿತು, ಮಳೆಗಿಂತ ಮೊದಲೋ ಆಮೇಲೋ ಎಂದು ಬಹಳ ಹೊತ್ತು ಕೇಳುತ್ತ ಕುಳಿತರು.