ಆಗೂರನ ಬೆರಗು

ಜ್ಞಾನೋಕ್ತಿಗಳ ಪುಸ್ತಕದ 30ನೇ ಅಧ್ಯಾಯ ಆಗೂರ ಎಂಬವನದು. ಯಾಕೆ ಎಂಬವನ ಮಗ ಎಂಬುದನ್ನು ಬಿಟ್ಟರೆ ಅವನ ಬದುಕಿನ ಬಗ್ಗೆ ಬೈಬಲ್ ಹೆಚ್ಚೇನೂ ಹೇಳುವುದಿಲ್ಲ. ಬುದ್ಧಿಮಾತು ಹೇಳಲು ನಿಂತ ಈ ಮನುಷ್ಯ, ತಾನು ಜ್ಞಾನ ಕಲಿತವನಲ್ಲ ಎಂದೇ ಮಾತು ಶುರುಮಾಡುತ್ತಾನೆ. ಗಾಳಿಯನ್ನು ಮುಷ್ಟಿಯಲ್ಲಿ ಹಿಡಿದವರು ಯಾರು, ನೀರನ್ನು ಬಟ್ಟೆಯಲ್ಲಿ ಗಂಟುಕಟ್ಟಿದವರು ಯಾರು ಎಂದು ಕೇಳುತ್ತಾನೆ.

ಮುಂದೆ, ತನ್ನ ಬುದ್ಧಿಗೆ ಎಟುಕದ ನಾಲ್ಕನ್ನು ಎಣಿಸುತ್ತಾನೆ: ಆಕಾಶದಲ್ಲಿ ಹದ್ದಿನ ದಾರಿ, ಬಂಡೆಯ ಮೇಲೆ ಹಾವಿನ ದಾರಿ, ನಡುಗಡಲಲ್ಲಿ ಹಡಗಿನ ದಾರಿ, ಹೆಣ್ಣು ಗಂಡುಗಳ ನಡುವಿನ ಒಲವಿನ ದಾರಿ. ಬಿಸಿಲಿಗೆ ಕಾದ ನೆಲದಿಂದ ಮೇಲೇಳುವ ಗಾಳಿಯನ್ನೇರಿ ಹದ್ದು ರೆಕ್ಕೆ ಬಡಿಯದೆ ತೇಲುತ್ತದೆ, ಹೊಟ್ಟೆಯಡಿಯ ಹುರುಪೆಗಳನ್ನು ಬಂಡೆಯ ಒರಟಿಗೆ ಒತ್ತಿ ಹಾವು ಮುಂದೆ ಸರಿಯುತ್ತದೆ ಎಂಬುದು ಇವತ್ತು ನಮಗೆ ಗೊತ್ತು. ಗೊತ್ತಾದ ಮೇಲೆ ನನ್ನ ಬೆರಗು ಹೆಚ್ಚೇ ಆಗಿದೆ. ಕಣ್ಣಿಗೆ ಕಾಣದ ಗಾಳಿಯ ಏಣಿಯನ್ನು ಒಂದು ಹಕ್ಕಿ ಹುಡುಕಿಕೊಳ್ಳುತ್ತದಲ್ಲ!

ಆದರೆ ಆಗೂರನಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಅವನ ಪ್ರಾರ್ಥನೆ. ಅವನಿಗೆ ಬಡತನವೂ ಬೇಡ, ಐಶ್ವರ್ಯವೂ ಬೇಡ; ತನ್ನ ಪಾಲಿನ ಆಹಾರ ಸಿಕ್ಕರೆ ಸಾಕು. ಹೊಟ್ಟೆ ತುಂಬಿದ ಸೊಕ್ಕಿನಲ್ಲಿ ದೇವರು ಯಾರೆಂದು ಕೇಳಿಬಿಟ್ಟೇನು, ಗತಿಗೆಟ್ಟರೆ ಕದ್ದು ಅವರ ಹೆಸರು ಕೆಡಿಸಿಯೇನು ಎಂಬ ಅಂಜಿಕೆ ಅವನದು. ಹದ್ದಿನ ದಾರಿಗೆ ಬೆರಗಾದವನೇ ತನ್ನ ಮನಸ್ಸು ಜಾರುವ ದಾರಿಯನ್ನೂ ಬಲ್ಲ. ಬೈಬಲ್ ಹೇಳುವ ದೈವಭಯ ಇಂಥದ್ದೇ ಎಂದು ನಾನು ನಂಬಿದ್ದೇನೆ.

ಅರಣ್ಯದಲ್ಲಿ 40 ವರ್ಷ, ದೇವರು ಕೊಟ್ಟ ಮನ್ನ ಎಂಬ ಆಹಾರ ತಿಂದ ಇಸ್ರಾಯೇಲ್ಯರ ಪಾಠವೂ ಅದೇ. ತಲೆಗೊಂದು ಓಮೆರ್ ಅಳತೆ. ನಾಳೆಗೆಂದು ಬಚ್ಚಿಟ್ಟದ್ದಕ್ಕೆ ಹುಳ ಬಿತ್ತು. ಸಬ್ಬತ್ ಎಂಬ ವಿಶ್ರಾಂತಿ ದಿನದ ಮುನ್ನಾದಿನ ದೇವರ ಮಾತಿನಂತೆ ಎರಡರಷ್ಟು ಕೂಡಿಸಿದ್ದು ಮಾತ್ರ ಕೆಡಲಿಲ್ಲ. ಆದರೂ ದಿನವೂ ಕಂಡ ಆ ಅದ್ಭುತಕ್ಕೇ ಅವರು ಬೇಸತ್ತು ಗೊಣಗಿದರು. ಮಾತು ಕೇಳದ ಎದೆಯಲ್ಲಿ ಬೆರಗು ಬಹಳ ಕಾಲ ನಿಲ್ಲುವುದಿಲ್ಲ.

ಅರಸ ಸೊಲೊಮೋನನದು ಇನ್ನೂ ನೋವಿನ ಕಥೆ. ಲೆಬನೋನಿನ ದೇವದಾರುವಿನಿಂದ ಗೋಡೆಯಲ್ಲಿ ಚಿಗುರುವ ಹಿಸ್ಸೋಪಿನವರೆಗೆ ಗಿಡಮರಗಳನ್ನು ಕುರಿತು ಮಾತಾಡಬಲ್ಲವನು, 3000 ಜ್ಞಾನೋಕ್ತಿ ಹೇಳಿದವನು. ಅರಸನು ಕುದುರೆಗಳನ್ನು, ಹೆಂಡಿರನ್ನು, ಬೆಳ್ಳಿಬಂಗಾರವನ್ನು ಹೆಚ್ಚಿಸಿಕೊಳ್ಳಬಾರದು, ಧರ್ಮಶಾಸ್ತ್ರವನ್ನು ನಕಲು ಮಾಡಿಕೊಂಡು ದಿನವೂ ಓದಬೇಕು ಎನ್ನುತ್ತದೆ ಧರ್ಮೋಪದೇಶಕಾಂಡ. ಸೊಲೊಮೋನ ಆ ಮೂರನ್ನೂ ಹೆಚ್ಚಿಸಿಕೊಂಡ. 700 ರಾಣಿಯರು, 300 ಉಪಪತ್ನಿಯರು. ಮುಪ್ಪಿನಲ್ಲಿ ಮನಸ್ಸು ಅನ್ಯದೇವರುಗಳತ್ತ ತಿರುಗಿತು. ಅಷ್ಟು ತಿಳಿದವನಿಗೆ ಹೀಗಾಯಿತೆಂದರೆ ತಿಳಿವಳಿಕೆಯೊಂದನ್ನೇ ನಂಬಿ ಕೂರಲು ನನಗೆ ಧೈರ್ಯ ಬರುವುದಿಲ್ಲ.

ಆಗೂರ ಜ್ಞಾನಿಗಳೆಂದು ತೋರಿಸುವುದು ಇರುವೆಯನ್ನು, ಬಂಡೆಸಂದಿಯಲ್ಲಿ ಮನೆಮಾಡುವ ಮೊಲದಂಥ ಪುಟ್ಟ ಪ್ರಾಣಿಯನ್ನು, ಮಿಡತೆಯನ್ನು, ಅರಮನೆಯೊಳಗೂ ಇರುವ ಹಲ್ಲಿಯನ್ನು. ಒಂದು ಚದರ ಕಿಲೋಮೀಟರು ಹರಡಿದ ಮರುಭೂಮಿ ಮಿಡತೆಗಳ ಹಿಂಡಿನಲ್ಲಿ 8 ಕೋಟಿಯವರೆಗೂ ಇರಬಹುದು. ಅವಕ್ಕೆ ಅರಸನಿಲ್ಲ, ಆದರೂ ಸಾಲು ತಪ್ಪುವುದಿಲ್ಲ. ತನ್ನನ್ನು ತಾನೇ ಮೇಲೇರಿಸಿಕೊಂಡಿದ್ದರೆ ಬಾಯಿ ಮೇಲೆ ಕೈಯಿಡು ಎಂಬ ಬುದ್ಧಿವಾದವೂ ಇದೇ ಅಧ್ಯಾಯದ ಕೊನೆಯಲ್ಲಿದೆ.

ಯೋಬ ಮಾಡಿದ್ದೂ ಅದನ್ನೇ. ಮಕ್ಕಳನ್ನು, ಆಸ್ತಿಯನ್ನು, ಆರೋಗ್ಯವನ್ನು ಕಳೆದುಕೊಂಡು, ಯಾಕೆ ಎಂದು ಕೂಗಿ ಕೇಳಿದವನು ಅವನು. ಬಿರುಗಾಳಿಯೊಳಗಿಂದ ಮಾತಾಡಿದ ದೇವರು ಆ ಯಾಕೆಗೆ ಕಾರಣ ಕೊಡಲಿಲ್ಲ. ಹಿಮದ ಉಗ್ರಾಣವನ್ನು ನೋಡಿದ್ದೀಯಾ, ಕಾಡುಮೇಕೆ ಈಯುವ ಕಾಲ ಬಲ್ಲೆಯಾ, ಮನುಷ್ಯರೇ ಇಲ್ಲದ ಬೆಂಗಾಡಿನ ಮೇಲೆ ಮಳೆ ಸುರಿಸುವವರು ಯಾರು ಎಂದು ಒಂದೊಂದಾಗಿ ಕೇಳುತ್ತಾ ಹೋದರು. ಆ ಕೊನೆಯ ಪ್ರಶ್ನೆಯ ಹತ್ತಿರ ನಾನು ಯಾವಾಗಲೂ ನಿಲ್ಲುತ್ತೇನೆ. ಯಾರೂ ಬಿತ್ತದ, ಯಾರೂ ಬೇಡದ ನೆಲ. ಅಲ್ಲಿಯ ಹುಲ್ಲೂ ದೇವರ ಲೆಕ್ಕದಲ್ಲಿದೆ. ಯೋಬ ಬಾಯಿ ಮೇಲೆ ಕೈಯಿಟ್ಟ. ಆಮೇಲೆ ದೇವರು ಅವನ ಮೂವರು ಗೆಳೆಯರನ್ನು ಅವನ ಬಳಿಗೆ ಕಳಿಸಿದರು. ತಪ್ಪು ನಿನ್ನದೇ ಎಂದು ಅವನನ್ನು ಚುಚ್ಚಿ ನೋಯಿಸಿದವರು ಅವರು. ಅವರಿಗಾಗಿ ಯೋಬ ಪ್ರಾರ್ಥಿಸಿದ. ಕಳೆದುಕೊಂಡದ್ದು ಆಗಿನ್ನೂ ಅವನಿಗೆ ಮರಳಿ ಬಂದಿರಲಿಲ್ಲ.