ಬಡವರ ಹೆಸರಿನಲ್ಲಿ ಒಂದು ಚಿನ್ನದ ನಾಣ್ಯ

1257ರಲ್ಲಿ ಇಂಗ್ಲೆಂಡಿನ ದೊರೆ ಮೂರನೇ ಹೆನ್ರಿ ಅಪ್ಪಟ ಚಿನ್ನದ ನಾಣ್ಯ ಹೊರಡಿಸಿದ. ಬೆಳ್ಳಿ ಪೆನ್ನಿಯೇ ಓಡಾಡುತ್ತಿದ್ದ ನಾಡಿನಲ್ಲಿ ಅದರ ಬೆಲೆ 20 ಪೆನ್ನಿ, ಕೂಲಿಯವನಿಗೆ ಹಲವು ದಿನಗಳ ದುಡಿಮೆ. ಲಂಡನ್ನಿನ ಪ್ರಮುಖರು ಆಕ್ಷೇಪಿಸಿದರು: ಎಷ್ಟೋ ಬಡವರ ಮನೆಯ ಸಾಮಾನೆಲ್ಲ ಸೇರಿದರೂ ಇಂಥದೊಂದು ನಾಣ್ಯದಷ್ಟು ಬಾಳುವುದಿಲ್ಲ, ಅವರಿಗೆ ಇದರಿಂದೇನು? ಜೊತೆಗೇ ಇನ್ನೊಂದು ಮಾತು: ಚಿನ್ನ ಎಲ್ಲರ ಕೈಗೆ ಬಂದರೆ ಅದರ ಬೆಲೆ ಇಳಿಯುತ್ತದೆ. ಚಿನ್ನ ಯಾರ ಪೆಟ್ಟಿಗೆಯಲ್ಲಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಮೊದಲನೆಯ ಮಾತು ಸುಳ್ಳೇ? ನನಗೆ ಹಾಗನ್ನಿಸುವುದಿಲ್ಲ. ಹೇಳಿದವನ ಲಾಭ ಗೊತ್ತಾದ ಕೂಡಲೇ ಹೇಳಿದ್ದನ್ನೂ ತಳ್ಳಿಹಾಕುವುದು ನಮಗೆ ಸಲೀಸು. ಬಡವನ ಮನೆ ಮಾತ್ರ ಮೊದಲಿನಷ್ಟೇ ಖಾಲಿ. ನನ್ನನ್ನು ಹೆಚ್ಚು ಕಾಡುವುದು ದೊರೆಯ ಉತ್ತರ: ಬೇಡವಾದವರು ತೆಗೆದುಕೊಳ್ಳಬೇಕಾಗಿಲ್ಲ, ಬಲವಂತವಿಲ್ಲ. ಕೇಳುವುದಕ್ಕೇನೋ ಉದಾರ. ಆದರೆ ಅರಮನೆಯಿಂದ ಬಾಕಿ ಬರಬೇಕಾದ ವ್ಯಾಪಾರಿ, ದೊರೆಯೇ ಕೊಟ್ಟ ಚಿನ್ನವನ್ನು ಬೇಡವೆನ್ನಲು ಎಂಥ ಗುಂಡಿಗೆ ಬೇಕು!

ನಾಣ್ಯವೇನೋ ಹೆಚ್ಚು ದಿನ ನಡೆಯಲಿಲ್ಲ. ಒಳಗಿನ ಚಿನ್ನದ ಬೆಲೆ ಮುಖಬೆಲೆಯನ್ನು ಮೀರಿದಾಗ ಬಹುಪಾಲು ಮೂಸೆಗೆ ಹೋದವು. ಉಳಿದವು ಸುಮಾರು ಎಂಟು. ಡೆವನ್ನಿನ ಹೊಲದಲ್ಲಿ ಸಿಕ್ಕ ಒಂದು, 2022ರ ಹರಾಜಿನಲ್ಲಿ 6,48,000 ಪೌಂಡಿಗೆ ಹೋಯಿತು.