ಮಟ್ಟವನ್ನು ಎಲ್ಲಿಂದ ಅಳೆಯಬೇಕು?

ಶಾಲೆಗೆ ಗಣಕಯಂತ್ರ ಬಂದರೆ ಕಲಿಕೆಯ ಮಟ್ಟ ಏರುತ್ತದೆ ಎಂಬ ಮಾತನ್ನು ಎರಡು ದಶಕಗಳಿಂದ ಕೇಳುತ್ತಿದ್ದೇವೆ. ಆ ಮಾತಿನಲ್ಲಿ ಸತ್ಯವಿದೆ. ಆದರೆ ಏರುವುದು ಯಾರ ಮಟ್ಟ ಎಂಬ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳಿಕೊಂಡಿಲ್ಲ.

ಈ ಹಾದಿಯಲ್ಲಿ ಕರ್ನಾಟಕ ಹಿಂದೆ ಉಳಿದ ರಾಜ್ಯವಲ್ಲ. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ‘ಎಜುಸ್ಯಾಟ್’ ಉಪಗ್ರಹ ಗಗನಕ್ಕೇರಿದಾಗ, ಅದರ ಪಾಠಗಳನ್ನು ಮೊದಲು ಪಡೆದವುಗಳಲ್ಲಿ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳೂ ಇದ್ದವು. 2010ರಲ್ಲಿ ಆ ಉಪಗ್ರಹದ ಸೇವೆ ಮುಗಿಯಿತು. 2017ರಲ್ಲಿ ‘ದೀಕ್ಷಾ’ ಜಾಲತಾಣ ಬಂದಿತು. ಸಾಧನಗಳು ಬದಲಾದವು, ಭರವಸೆ ಮಾತ್ರ ಅದೇ ಆಗಿತ್ತು.

ಆ ಭರವಸೆಯ ಪರೀಕ್ಷೆ ನಡೆದದ್ದು 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನಂತಹ ಸೀಮೆಗಳಲ್ಲಿ ಕೂಲಿಯನ್ನೇ ನಂಬಿದ ಮನೆಗಳು ಬಹಳ. ಅಂತಹ ಮನೆಯ ಒಂದೇ ಫೋನು ಬೆಳಗಾದರೆ ತಂದೆಯೊಡನೆ ಹೊಲಕ್ಕೆ ಹೋಗುತ್ತದೆ. ಪಾಠ ಆಕಾಶದಲ್ಲಿಯೇ ಉಳಿಯುತ್ತದೆ. ಆ ಆಗಸ್ಟ್‌ನಲ್ಲಿ ಆರಂಭವಾದ ‘ವಿದ್ಯಾಗಮ’ದಲ್ಲಿ ಶಿಕ್ಷಕರೇ ಊರೂರಿಗೆ ಹೋಗಿ ಗುಡಿಯ ಕಟ್ಟೆ, ಮರದ ನೆರಳುಗಳಲ್ಲಿ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದೂ ಕೆಲಕಾಲ ನಿಂತಿತು. ಒಂದರಿಂದ ಐದನೆಯ ತರಗತಿಯ ಮಕ್ಕಳು ಶಾಲೆಗೆ ಮರಳಿದ್ದು 2021ರ ಅಕ್ಟೋಬರ್ 25ರಂದು.

ಗ್ರಾಮೀಣ ಭಾರತವನ್ನು ಕುರಿತ ‘ಅಸರ್’ ಸಮೀಕ್ಷೆಯ ಎರಡು ಅಂಕಿಗಳು ಇಲ್ಲಿ ಗಮನಾರ್ಹ. ಶಾಲಾ ಮಕ್ಕಳ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇದ್ದ ಪ್ರಮಾಣ 2018ರಲ್ಲಿ ಶೇ. 36 ಇದ್ದದ್ದು 2022ರಲ್ಲಿ ಸುಮಾರು ಶೇ. 75ಕ್ಕೆ ಏರಿತು. ಅದೇ ಅವಧಿಯಲ್ಲಿ, ಎರಡನೆಯ ತರಗತಿಯ ಪಾಠವನ್ನು ಓದಬಲ್ಲ ಐದನೆಯ ತರಗತಿಯ ಮಕ್ಕಳ ಪ್ರಮಾಣ ಶೇ. 50.5ರಿಂದ 42.8ಕ್ಕೆ ಇಳಿಯಿತು. ಇದಕ್ಕೆ ಫೋನನ್ನು ದೂರುವುದು ಸಲ್ಲದು, ಶಾಲೆಗಳೇ ಮುಚ್ಚಿದ್ದವು. ಆದರೆ ಮನೆಗೆ ಬಂದ ಫೋನು ಮುಚ್ಚಿದ ಶಾಲೆಯ ಸ್ಥಾನವನ್ನು ತುಂಬಲಿಲ್ಲ ಎಂಬುದು ನಿಜ.

ಹಾಗೆಂದು ಯಂತ್ರ ಬೇಡವೆನ್ನುವುದು ಹಳ್ಳಿಯ ಮಗುವಿಗೆ ಮಾಡುವ ಅನ್ಯಾಯವೇ ಸರಿ. ವಿಜ್ಞಾನ ಶಿಕ್ಷಕರಿಲ್ಲದ ಶಾಲೆಯಲ್ಲಿ ಹೃದಯದ ಬಡಿತವನ್ನು ಪರದೆಯ ಮೇಲೆ ಕಂಡ ಮಗುವಿನ ಬೆರಗು ಸಣ್ಣದಲ್ಲ. ನೂರು ಸಲ ಕೇಳಿದರೂ ಯಂತ್ರ ಬೇಸರಿಸದು, ಗದರದು. ಆದರೆ ಮಗು ಇಂದೇಕೆ ಮೌನವಾಗಿದೆ, ಬೆಳಿಗ್ಗೆ ಉಂಡು ಬಂದಿದೆಯೇ, ಎಂಬುದನ್ನು ಅರಿಯಲು ಶಿಕ್ಷಕರ ಕಣ್ಣೇ ಬೇಕು. ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದ ಷರೀಫರನ್ನು ಮತದ ಗಡಿ ಎಣಿಸದೆ ಶಿಷ್ಯನೆಂದು ಅಪ್ಪಿಕೊಂಡವರು ಕಳಸದ ಗೋವಿಂದ ಭಟ್ಟರು. ಅಂತಹ ಅಪ್ಪುಗೆಯೂ ಶಿಕ್ಷಣವೇ.

ಆದ್ದರಿಂದ ಯಂತ್ರದ ಸಾರ್ಥಕತೆಯನ್ನು ಗಣಕಯಂತ್ರಗಳ ಸಂಖ್ಯೆಯಿಂದಾಗಲಿ, ಜಾಣ ಮಕ್ಕಳ ಅಂಕಗಳಿಂದಾಗಲಿ ಅಳೆಯಲಾಗದು. ಅದು ಶಿಕ್ಷಕರ ಹೊರೆಯನ್ನು ಇಳಿಸಿ, ಹಿಂದುಳಿದ ಮಗುವಿನ ಪಕ್ಕದಲ್ಲಿ ಕೂರಲು ಅವರಿಗೆ ಬಿಡುವು ಕೊಟ್ಟಿತೇ? ವರ್ಷದ ಕೊನೆಗೆ ಆ ಮಗು ತಾನೇ ಒಂದು ಪುಟ ಓದಿತೇ? ಓದಿದ್ದರೆ ಶಾಲೆಯ ಮಟ್ಟ ಏರಿದೆ. ಇಲ್ಲವಾದರೆ, ಏರಿರುವುದು ಸಲಕರಣೆಗಳ ಬೆಲೆ ಮಾತ್ರ.